ಕೆಳಗಿನಿಂದ ಮೇಲಕ್ಕೆ ತೋಡುವ ಬಾವಿ

ಪಕ್ಕದ ಸೈಟಿಗೆ ಬೋರ್‌ವೆಲ್ ಲಾರಿ ಬಂದಿದೆ. ಅದರ ಗಲಾಟೆಗೆ ಕಿವಿ ಮುಚ್ಚಿಕೊಳ್ಳಬಹುದು. ಕಿಟಕಿಯಿಂದ ನುಗ್ಗುವ ಒದ್ದೆ ಕಲ್ಲುಪುಡಿಯ ವಾಸನೆಗೆ ಏನು ಮಾಡೋಣ ಹೇಳಿ? ನನಗಂತೂ ಅದು ಓಬಳೇಶ ಮಾಮನ ಅಂಗಿಯ ವಾಸನೆ.

ಮಾಮ ಅವ್ವನ ತಮ್ಮ. ತೊಂಬತ್ತರ ದಶಕದ ಕೊನೆಯಲ್ಲಿ ದೂರದ ಗಣಿಯೊಂದರಲ್ಲಿ ಬಾವಿ ಕೊರೆಯುವ ಯಂತ್ರದ ಕೆಲಸಕ್ಕೆ ಸೇರಿದ್ದ. ಮೊದಲ ರಜೆಗೆ ಪರಶುರಾಂಪುರಕ್ಕೆ ಬಂದವನನ್ನು ತಾತ ವಾಪಸು ಬಿಡಲೊಲ್ಲರು. ತಾತ ಬಾವಿ ತೋಡಿ ಬದುಕಿದವರು. ಮಣ್ಣು ಕುಸಿದು ತಮ್ಮನನ್ನು ಬಾವಿಯಲ್ಲೇ ಕಳೆದುಕೊಂಡವರು. ಅಂದಿನಿಂದ ಕೆಲಸ ಮುಗಿದು ಎಲ್ಲರೂ ಮೇಲೆ ಬಂದು ಕಣ್ಣೆದುರೇ ನಿಂತಿದ್ದರೂ, ಬಾವಿಯೊಳಕ್ಕೆ ಬಗ್ಗಿ “ಒಳಗೆ ಯಾರಾನ ಇದೀರೇನ್ರೋ?” ಎಂದು ಕೂಗಿದ ಮೇಲೇ ಮನೆಗೆ ಹೊರಡುತ್ತಿದ್ದರಂತೆ.

“ಬಾವಿ ಸಾವಾಸ ಸಾಕು ಕಣಲೇ. ಶೇಂಗಾ ಬಿತ್ಕೊಂಡು ಮನೇಲಿ ಬಿದ್ದಿರು” ಎಂದರು ತಾತ.

“ಇದು ಹಂಗಲ್ಲಪ್ಪಾ. ಇದನ್ನ ಕೆಳಗಿಂದ ಮೇಲಕ್ಕೆ ತೋಡ್ತೀವಿ.”

ಕೇರಿಗೆ ಕೇರಿಯೇ ನಕ್ಕಿತು. ಪಿಯುಸಿಯಲ್ಲಿ ವಿಜ್ಞಾನ ಓದುತ್ತಿದ್ದ ಮಹಾಪಂಡಿತೆ ನಾನು, ಎಲ್ಲರಿಗಿಂತ ಜೋರಾಗಿ ನಕ್ಕೆ.

ಮಾಮನಿಗೆ ರೇಗಿಹೋಯಿತು. ಹಿತ್ತಲಲ್ಲಿ ಎರಡು ಕಲ್ಲಿಟ್ಟು, ನಡುವೆ ಸಂದು ಬಿಟ್ಟು, ಮೇಲೆ ಹಸಿಮಣ್ಣು ಗುಡ್ಡೆ ಹಾಕಿದ. ನೆತ್ತಿಯಿಂದ ಕಬ್ಬಿಣದ ಕಡ್ಡಿ ಚುಚ್ಚಿ, ಕೆಳಗಿನ ಸಂದಿನಲ್ಲಿ ಅದರ ತುದಿ ಹೊರಡಿಸಿದ. ಆ ತುದಿಗೆ ಅವ್ವನ ಕಾಫಿಪುಡಿ ಡಬ್ಬಿಯ ಮುಚ್ಚಳವನ್ನು ಹಲ್ಲುಹಲ್ಲಾಗಿ ಕತ್ತರಿಸಿ ಸಿಕ್ಕಿಸಿದ.

“ಅಯ್ಯೋ ನಿನ್ ಮನೆ ಹಾಳಾಗ, ಹೊಸ ಡಬ್ಬಿ ಕಣೋ!” ಎಂದು ಅವ್ವ ಬಾಯಿ ಮಾಡಿದಳು.

ಮಾಮ ಮೇಲಿನಿಂದ ಕಡ್ಡಿ ತಿರುಗಿಸುತ್ತಾ ಎಳೆದ. ಮುಚ್ಚಳ ಮಣ್ಣನ್ನು ಕೆರೆಯುತ್ತಾ ಏರಿತು. ಮಣ್ಣೆಲ್ಲ ಕೆಳಗಿನ ಸಂದಿಗೆ ಉದುರಿತು. ನೆತ್ತಿಯಲ್ಲಿ ಮುಚ್ಚಳ ಹೊರಬಂದಾಗ ಅಗಲವಾದ, ನೆಟ್ಟಗಿನ ಬಾವಿ! ನನ್ನ ನಗು ಎಲ್ಲಿ ಹೋಯಿತೋ.

“ಗಣಿಯಾಗೆ ಮೇಲೊಂದು ಕೆಳಗೊಂದು ಸುರಂಗ ಇರ್ತಾವೆ. ನಾವು ಮೇಲಿನ ಸುರಂಗದಾಗೆ ಮಿಷನ್ ಹತ್ರ ಇರ್ತೀವಪ್ಪಾ. ತೋಡುವಾಗ ಬಾವಿಯೊಳಗೆ ಒಂದು ನರಪಿಳ್ಳೆನೂ ಇರಲ್ಲ.”

ತಾತ ಮೊಣಕಾಲೂರಿ, ಗೇಣುದ್ದದ ಆ ತೂತಿಗೆ ಬಗ್ಗಿ ಕೂಗಿದರು: “ಒಳಗೆ ಯಾರಾನ ಇದೀರೇನ್ರೋ?”

ಈ ಸಲ ಯಾರೂ ನಗಲಿಲ್ಲ.

“ಯಾರೂ ಇಲ್ಲಪ್ಪಾ” ಎಂದ ಮಾಮ.

ತಾತ ಸೊಂಟ ಹಿಡಿದುಕೊಂಡು ಎದ್ದರು. “ಹಂಗಾರೆ ಹೋಗ್ ಬಾ. ನಿನ್ನಕ್ಕನಿಗೆ ಒಂದು ಡಬ್ಬಿ ತಂದುಕೊಟ್ಟು ಹೋಗು.”

ಈಗ ಲಾರಿಯ ಸದ್ದು ನಿಂತಿದೆ. ಬೈಯಬೇಕೆಂದೇ ಚಪ್ಪಲಿ ಮೆಟ್ಟಿ ಹೊರಟವಳು, ಕೊಳವೆಬಾವಿಯ ಬಾಯಿ ತೆರೆದೇ ಇರುವುದನ್ನು ಕಂಡು ತಾತನ ಹಾಗೇ ಬಗ್ಗಿ ಕೂಗಿಯೇಬಿಟ್ಟೆ. ಕೆಲಸದವನು ಗಾಬರಿಯಾಗಿ ಓಡಿ ಬಂದ.

“ಏನ್ ಬಿತ್ತು ಮೇಡಂ?”

“ಏನೂ ಬಿದ್ದಿಲ್ಲಪ್ಪ. ಮೊದಲು ಮುಚ್ಚಳ ಹಾಕು.”

ಅವನು ಬಿಗಿಯುವವರೆಗೂ ನಾನು ಅಲ್ಲಿಂದ ಕದಲಲಿಲ್ಲ.