ಓಯಾ ಸಾನ್ ಒತ್ತಿದ ಮುದ್ರೆ

ಓಯಾ ಸಾನ್ ಅವರ ಬಲಗಿವಿಯ ಮೇಲರ್ಧ ಕರಗಿ ತಲೆಗೆ ಅಂಟಿಕೊಂಡಂತಿತ್ತು. ಕಾವಾಸಾಕಿಯ ಉಕ್ಕಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದಾಗ ಕುಲುಮೆಯ ಕಿಡಿ ಹಾರಿ ಆದದ್ದಂತೆ. ಸಿಟ್ಟು ಬಂದರೆ ಮೊದಲು ಆ ಕಿವಿ ಕೆಂಪಾಗುತ್ತಿತ್ತು, ಮಿಕ್ಕ ಮುಖ ಆಮೇಲೆ. ನಾನು ಕಂಡಾಗಲೆಲ್ಲ ಅದು ಕೆಂಪಾಗಿಯೇ ಇರುತ್ತಿತ್ತು.

ಜಪಾನಿನಲ್ಲಿ ಮನೆ ಮಾಲೀಕರನ್ನು ಓಯಾ ಸಾನ್ ಎನ್ನುತ್ತಾರೆ. ನಮ್ಮ ಓಯಾ ಸಾನ್ ಕೆಳಗಿನ ಮನೆಯಲ್ಲಿ ಒಬ್ಬರೇ ಇದ್ದರು. ಇಸವಿ ಎರಡು ಸಾವಿರಕ್ಕೆ ಕಂಪ್ಯೂಟರುಗಳು ಕೆಡುತ್ತವೆಂಬ ವೈಟುಕೆ ಗಲಾಟೆ ಆಗಷ್ಟೇ ಮುಗಿದಿತ್ತು. ಬೆಂಗಳೂರಿನ ಕಂಪನಿ ನನ್ನನ್ನು ಅಲ್ಲಿಗೆ ಕಳಿಸಿ, ಅವರ ಮನೆಯ ಮಹಡಿಯನ್ನು ತನ್ನ ಹೆಸರಿನಲ್ಲಿ ಬಾಡಿಗೆಗೆ ಹಿಡಿದಿತ್ತು. ನನ್ನೊಡನೆ ಅವರು ಹೆಚ್ಚಾಗಿ ಆಡುತ್ತಿದ್ದದ್ದು ಒಂದೇ ಮಾತು: 'ದಮೆ'. ಕೂಡದು ಎಂದರ್ಥ. ಒಗ್ಗರಣೆಯ ಘಾಟು ದಮೆ. ಮೆಟ್ಟಿಲ ಮೇಲೆ ಬೂಟಿನ ಸದ್ದು ದಮೆ. ತಪ್ಪು ದಿನ ಹೊರಗಿಟ್ಟ ಕಸದ ಚೀಲ ಸಂಜೆ ನಾನು ಬರುವಷ್ಟರಲ್ಲಿ ನನ್ನ ಬಾಗಿಲಿಗೇ ಒರಗಿಕೊಂಡು ಕಾಯುತ್ತಿತ್ತು. ಅವರ ಮೇಲೆ ನನಗೂ ಪ್ರೀತಿಯೇನಿರಲಿಲ್ಲ. ಅವರು ಬೈದ ದಿನ ಬೇಕೆಂದೇ ಇನ್ನಷ್ಟು ಸಾಸಿವೆ ಸಿಡಿಸುತ್ತಿದ್ದೆ.

ಅಷ್ಟರಲ್ಲಿ ನನ್ನ ಹೆಂಡತಿ ಮೈಸೂರಿನಿಂದ ಬಂದಳು. ಆರು ತಿಂಗಳ ಬಸುರಿ, ಜೊತೆಗೆ ಬಿಪಿ. ಬೇಗ ಆಸ್ಪತ್ರೆಯಲ್ಲಿ ತೋರಿಸತೊಡಗಬೇಕಿತ್ತು. ಅದಕ್ಕೆ ಆರೋಗ್ಯ ವಿಮೆ ಬೇಕು, ವಿಮೆಗೆ ನಾವಿರುವ ವಿಳಾಸ ವಾರ್ಡ್ ಕಚೇರಿಯಲ್ಲಿ ನೋಂದಣಿಯಾಗಬೇಕು. ಬಾಡಿಗೆ ಕರಾರಿನಲ್ಲಿ ನನ್ನ ಹೆಸರಿಲ್ಲದ ಕಾರಣ, ಗಂಡಹೆಂಡಿರಿಬ್ಬರೂ ಅಲ್ಲೇ ವಾಸವಿದ್ದಾರೆಂದು ಮಾಲೀಕರೇ ಬರೆದು, ಸಹಿಯ ಬದಲು ಅಲ್ಲಿ ನಡೆಯುವ ತಮ್ಮ ಸ್ವಂತ ಮುದ್ರೆ ಒತ್ತಿಕೊಡಬೇಕೆಂದರು ಕೌಂಟರಿನಲ್ಲಿದ್ದ ಗುಮಾಸ್ತರು.

ನಾನು ಕಾಗದ ಹಿಡಿದು ಕೆಳಗಿಳಿದೆ. ಓಯಾ ಸಾನ್ ಕಾಗದ ನೋಡಲಿಲ್ಲ. ನನ್ನ ಹಿಂದೆ ನಿಂತಿದ್ದವಳ ಹೊಟ್ಟೆ ನೋಡಿದರು.

"ಕೂಸು ಅಳುತ್ತೆ. ದಮೆ," ಎಂದು ಬಾಗಿಲು ಹಾಕಿಕೊಂಡರು.

ಮರುದಿನವೂ ಅದೇ ಉತ್ತರ. ಕಂಪನಿಯವರು ಫೋನ್ ಮಾಡಿದರೂ ಅದೇ. ಹೆಂಡತಿಯ ಕಾಲು ಊದತೊಡಗಿತು. ಒಂದು ಬೆಳಿಗ್ಗೆ ಅವಳು ನನ್ನ ಕೈಯಿಂದ ಕಾಗದ ಕಿತ್ತುಕೊಂಡು ತಾನೇ ಕೆಳಗಿಳಿದು ಬಾಗಿಲು ಬಡಿದಳು. ಜಪಾನಿ ಭಾಷೆಯ ಗಂಧವೂ ಅವಳಿಗಿರಲಿಲ್ಲ.

"ಏನ್ರೀ ಓಯಾ ಸಾನ್, ಒಂದು ಸೀಲು ಒತ್ತಿದ್ರೆ ನಿಮ್ಮ ಗಂಟೇನ್ ಹೋಗತ್ತೆ? ನಿಮ್ಮನ್ನೂ ಒಬ್ಬಳು ತಾಯಿ ಹೆತ್ತಿಲ್ವಾ? ನೀವು ಅಳದೇನೇ ಬೆಳೆದ್ರಾ?"

ಅವರು ಜಪಾನಿಯಲ್ಲಿ ಗದರಿದರು. ಇವಳು ಕನ್ನಡದಲ್ಲಿ ಇನ್ನೂ ಜೋರಾದಳು. ಕೊನೆಗೆ ಹೊಸ್ತಿಲ ಮೇಲೇ ಕೂತುಬಿಟ್ಟಳು. ಓಯಾ ಸಾನ್ ನನ್ನತ್ತ ತಿರುಗಿ, "ಇವಳು ಏನನ್ನುತ್ತಿದ್ದಾಳೆ?" ಎಂದರು.

"ನಿಮ್ಮ ಆರೋಗ್ಯ ವಿಚಾರಿಸುತ್ತಿದ್ದಾಳೆ," ಎಂದೆ.

"ಸುಳ್ಳು," ಎಂದವರೇ ಒಳಗೆ ಹೋಗಿ ಮುದ್ರೆ ತಂದು, ಗುದ್ದುವವರಂತೆ ಒತ್ತಿದರು. "ಕೂಸು ಹುಟ್ಟುವ ಮೊದಲು ಮನೆ ಖಾಲಿ ಮಾಡಬೇಕು." ನಾನು ಒಪ್ಪಿಕೊಂಡೆ. ಬೇರೆ ದಾರಿ ಇರಲಿಲ್ಲ.

ಗುದ್ದಿದ ರಭಸಕ್ಕೆ ಮುದ್ರೆ ಕಲಸಿಹೋಗಿತ್ತು. ಗುಮಾಸ್ತರು ಕಾಗದವನ್ನು ಬೆಳಕಿಗೆ ಹಿಡಿದು, ವಿನಯದಿಂದ ತಲೆಬಾಗಿಸಿ, "ಸುಮಿಮಾಸೆನ್, ಕ್ಷಮಿಸಿ, ಇದು ಮಾಲೀಕರದೇ ಎಂದು ಹೇಗೆ ನಂಬುವುದು?" ಎಂದು ಹಿಂದಿರುಗಿಸಿದರು. ಸೋತು ಬಂದು ಓಯಾ ಸಾನ್‌ಗೆ ಹೇಳಿದೆ. ಇಡೀ ಮಾತು ಮುಗಿಸುವ ಮೊದಲೇ ಅವರ ಕಿವಿ ಕೆಂಡವಾಯಿತು. ಮನೆಯಲ್ಲಿ ತೊಡುವ ಚಪ್ಪಲಿಯಲ್ಲೇ ಹೊರಟರು.

ವಾರ್ಡ್ ಕಚೇರಿಯಲ್ಲಿ ಅಷ್ಟು ಎತ್ತರದ ದನಿಯನ್ನು ಹಿಂದೆ ಯಾರೂ ಕೇಳಿರಲಾರರು. "ನನ್ನ ಮುದ್ರೆ ಸುಳ್ಳೆನ್ನಲು ನೀನು ಯಾರು? ಇವನು ನನ್ನ ಮನೆಯಲ್ಲೇ ಇದ್ದಾನೆ. ಹೆಂಡತಿಯೂ ಇದ್ದಾಳೆ. ದಿನವೂ ನಾನು ಇವರ ವಾಸನೆ ಕುಡಿಯುತ್ತಿದ್ದೇನೆ! ಬರೆದುಕೋ!" ಗುಮಾಸ್ತರು ಬಗ್ಗಿ ಬಗ್ಗಿ ಕ್ಷಮೆ ಕೇಳಿದರು. ಇನ್ನೊಂದು ಮುದ್ರೆ ಬಿತ್ತು. ಆ ಮನೆಯ ವಿಳಾಸ ಬರೆದ ನಮ್ಮಿಬ್ಬರ ಕಾಗದಪತ್ರ ಕೈಗೆ ಬಂತು.

ಬಸ್ಸಿನಲ್ಲಿ ನಾನು ಧನ್ಯವಾದ ಹೇಳಲು "ಅರಿಗಾತೋ" ಎಂದು ಬಗ್ಗಿದೆ. ಅವರು ಎದ್ದು ಬೇರೆ ಸೀಟಿಗೆ ಹೋಗಿ ಕೂತರು.

ಕರುಣೆಯಿಂದ ಅವರು ಬಂದಿರಲಿಲ್ಲ, ತಮ್ಮ ಮಾತನ್ನು ಇನ್ನೊಬ್ಬ ಅನುಮಾನಿಸಿದ ಎಂಬ ಕಿಚ್ಚಿಗೆ ಬಂದಿದ್ದರು ಅಷ್ಟೆ. ಒಪ್ಪಿಸಿಕೊಂಡ ಮಾತನ್ನೂ ಬಿಡಲಿಲ್ಲ. ತುಂಬುಬಸುರಿಯನ್ನು ಕರೆದುಕೊಂಡು ನಾನು ಎರಡು ಸ್ಟೇಷನ್ ಆಚೆಗಿನ ಬೇರೆ ಮನೆಗೆ ಹೋದೆ. ಹೊರಡುವ ದಿನ ಓಯಾ ಸಾನ್ ಮೇಲೆ ಬಂದು ಗೋಡೆಗಳನ್ನು ಮೂಸಿ ನೋಡಿದರು, ತಲೆ ಕೊಡವಿದರು.

ಹೆರಿಗೆ ಕಷ್ಟವಾಯಿತು. ಬಿಪಿ ಏರಿ ಆಪರೇಷನ್ ಮಾಡಿದರು. ಮೊದಲಿನಿಂದ ನೋಡಿಕೊಂಡ ವೈದ್ಯರಿದ್ದುದರಿಂದಲೇ ತಾಯಿ ಮಗು ಇಬ್ಬರೂ ಉಳಿದರು. ಮಗಳಿಗೆ ಮೂರು ತಿಂಗಳಾದಾಗ ಹೆಂಡತಿ, "ಆ ಮುದುಕಪ್ಪಂಗೆ ಒಂದ್ಸಲ ತೋರಿಸ್ಬಿಟ್ಟು ಬರೋಣ ರೀ," ಎಂದಳು. ಹೋದೆವು. ಓಯಾ ಸಾನ್ ಬಾಗಿಲನ್ನು ಒಂದು ಗೇಣು ತೆರೆದು ಕೂಸನ್ನು ದಿಟ್ಟಿಸಿದರು.

"ಅಳುತ್ತಾಳಾ?"

"ತುಂಬ," ಎಂದೆ.

"ನಾನು ಹೇಳಿರಲಿಲ್ಲವಾ," ಎಂದು ಬಾಗಿಲು ಹಾಕಿಕೊಂಡರು. ಅವರನ್ನು ಕಂಡದ್ದು ಅದೇ ಕೊನೆ.

ಮರುವರ್ಷ ಅವರು ತೀರಿಹೋದರೆಂದು ನಾವು ಬಿಟ್ಟ ಮಹಡಿಗೆ ಬಂದಿದ್ದ ಸಹೋದ್ಯೋಗಿ ಹೇಳಿದ. ಹೆಂಡತಿ ಮಗಳಿಗೆ ಊಟ ಮಾಡಿಸುತ್ತಿದ್ದವಳು ಕೈ ನಿಲ್ಲಿಸಿ, "ಪಾಪ ಅನ್ನೋಕೂ ಬಾಯಿ ಬರ್ತಿಲ್ಲ ಕಣ್ರೀ," ಎಂದಳು. ನನಗೂ ಬರಲಿಲ್ಲ. ಆದರೂ ಆ ದೇಶದಲ್ಲಿ ನಿಮಗೆ ಆಸರೆಯಾದವರು ಯಾರೆಂದು ಯಾರಾದರೂ ಕೇಳಿದರೆ ಮೊದಲು ಅವರ ಮುಖವೇ ಕಣ್ಣಮುಂದೆ ಬರುತ್ತದೆ, ಬಂದೊಡನೆ ನನಗೆ ಸಿಟ್ಟೂ ಬರುತ್ತದೆ.