ಅಗಸಿಗೆ ನಾನು ಬರೆದ ಶಬ್ದ

ಪಕ್ಕದ ಮನೆಯ ಗೋಡೆಗೆ ಸುಣ್ಣ ಹಚ್ಚುತ್ತಿದ್ದಾರೆ. ಹಸಿ ಸುಣ್ಣದ ವಾಸನೆ ಬಂದರೆ ಎಲ್ಲರಿಗೂ ಹಬ್ಬ ನೆನಪಾಗುತ್ತದೆ. ನನಗೆ ಬಸಪ್ಪಜ್ಜ ನೆನಪಾಗುತ್ತಾನೆ.

ಎಪ್ಪತ್ತರ ದಶಕದ ಮಾತು. ಬೈಲಹೊಂಗಲದಿಂದ ಸವದತ್ತಿಯ ಕಡೆಗೆ ಹೋಗುವಾಗ ಸಿಗುವ ಒಂದು ಹಳ್ಳಿಯ ಪಂಚಾಯತಿಗೆ ನಾನು ಹೊಸ ಸೆಕ್ರೆಟರಿಯಾಗಿ ಹೋಗಿದ್ದೆ. ಧಾರವಾಡದಲ್ಲಿ ಕನ್ನಡ ಬಿ.ಎ. ಮುಗಿಸಿದವನು, ಬೀದಿದೀಪ ಕೆಟ್ಟ ವರದಿಯನ್ನೂ ಕಾವ್ಯದ ಧಾಟಿಯಲ್ಲೇ ಬರೆಯುತ್ತಿದ್ದೆ. ನಗಬೇಡಿ, ಆ ವಯಸ್ಸಿನಲ್ಲಿ ನೀವೂ ಏನಾದರೊಂದು ಮಾಡಿರುತ್ತೀರಿ.

ಊರಿಗೊಂದು ಅಗಸಿಯಿತ್ತು. ಕಲ್ಲಿನ ಹೆಬ್ಬಾಗಿಲು, ಎರಡೂ ಬದಿಗೆ ಕಟ್ಟೆ. ಬೀಗರನ್ನು ಇದಿರುಗೊಳ್ಳುವುದು ಅಲ್ಲೇ, ಮಣ್ಣಿಗೆ ಹೊರಟ ಹೆಣವನ್ನು ಒಂದು ಗಳಿಗೆ ಇಳಿಸುವುದೂ ಅಲ್ಲೇ. ಕಟ್ಟೆಯ ಮೇಲೆ ಕೂತವರು ಬಸ್ಸಿಳಿದವರ ಮನೆತನವನ್ನೆಲ್ಲ ವಿಚಾರಿಸದೆ ಒಳಗೆ ಬಿಡುತ್ತಿರಲಿಲ್ಲ. ನನಗಿನ್ನೂ ಮದುವೆಯಾಗಿಲ್ಲವೆಂದು ಊರಿಗೆ ಗೊತ್ತಾದದ್ದೂ ಹಾಗೆಯೇ. ಆ ಅಗಸಿಯ ಕಮಾನು ಬಿರುಕು ಬಿಟ್ಟಿತ್ತು. ಬಸಪ್ಪಜ್ಜ ಊರಿನ ಗವಂಡಿ, ಗೋಡೆ ಕಟ್ಟುವವ. ಅವನ ಅಪ್ಪ, ಅಜ್ಜ ಇಬ್ಬರೂ ಬಿರುಕಿಗೆ ಗಚ್ಚು ತುಂಬಿ ಅದನ್ನು ನಿಲ್ಲಿಸಿದ್ದರು. ಸಾಯುವುದರೊಳಗೆ ತಾನೂ ಒಮ್ಮೆ ತುಂಬಬೇಕೆಂದು ಅವನ ಆಸೆ. ಪಂಚಾಯತಿ ಹೂಂ ಅಂದರೆ ಸಾಕಿತ್ತು.

ಅಷ್ಟರಲ್ಲಿ, ಹಳೆಯ ಕಟ್ಟಡಗಳ ಸ್ಥಿತಿ ತಿಳಿಸಿರಿ ಎಂದು ತಾಲೂಕಿನಿಂದ ಕಾಗದ ಬಂತು. ಅಗಸಿ ಹಳೆಯದಾಗಿದೆ, ರಿಪೇರಿ ಬೇಕು ಅಂತ ಬರೆದುಬಿಡಿ ಎಂದರು ಚೇರ್ಮನ್ ಗೌಡರು. ಅಷ್ಟೇ ಬರೆದರೆ ನನ್ನ ಬಿ.ಎ. ಏನಾಗಬೇಕು? ‘ಶಿಥಿಲ’ ಎಂದು ದುಂಡಗೆ ಬರೆದೆ. ಸರಕಾರಿ ಭಾಷೆಯಲ್ಲಿ ಜೀರ್ಣವಾದದ್ದಕ್ಕೆ ಉದ್ಧಾರವಿದೆ, ಶಿಥಿಲವಾದದ್ದಕ್ಕೆ ಹಾರೆಯೇ ಗತಿ ಎಂಬುದು ನನಗೆ ಗೊತ್ತಿರಲಿಲ್ಲ.

ತಿಂಗಳೊಪ್ಪತ್ತಿನಲ್ಲಿ ಉತ್ತರ ಬಂತು. ನಿಮ್ಮ ವರದಿಯಂತೆ ಶಿಥಿಲ ಕಟ್ಟಡವನ್ನು ತೆಗೆಯಿಸತಕ್ಕದ್ದು. ಪಂಚಾಯತಿಯ ತಕರಾರಿದ್ದರೆ ಠರಾವು ಮಾಡಿ ಕಳಿಸತಕ್ಕದ್ದು. ‘ನಿಮ್ಮ ವರದಿಯಂತೆ’ ಎಂಬುದನ್ನೂ ಎರಡನೆಯ ಮಾತನ್ನೂ ನಾನು ಮೀಟಿಂಗಿನಲ್ಲಿ ಓದಲಿಲ್ಲ. ಓದಿದ್ದರೆ ಚರ್ಚೆಯಾಗಿ, ಶಿಥಿಲ ಅಂತ ಬರೆದವರು ಯಾರು ಎಂಬ ಪ್ರಶ್ನೆ ಏಳುತ್ತಿತ್ತು.

ಬಾಗಿಲಲ್ಲಿ ನಿಂತಿದ್ದ ಬಸಪ್ಪಜ್ಜ ಎಲ್ಲ ಕೇಳಿಸಿಕೊಂಡ.

“ಸಾಹೇಬ್ರ, ಅದಕ್ಕ ಮುಪ್ಪ ಬಂದೈತ್ರಿ, ಸತ್ತಿಲ್ಲ. ಪಂಚಾಯ್ತಿಯವ್ರು ಬ್ಯಾಡ ಅಂದ್ರ ನಡ್ಯೂದಿಲ್ಲೇನ್ರಿ?”

“ಸರಕಾರದ ಹುಕುಂ ಐತಿ ಅಜ್ಜಾ. ನಮ್ಮ ಕೈಯಾಗ ಏನೂ ಇಲ್ಲ,” ಅಂದೆ.

ಅವನು ನಂಬಿದ. ಇವತ್ತಿಗೂ ನನ್ನನ್ನು ಸುಡುವುದು ಅದೇ. ಬೇರೆಯವರು ಕೈಹಾಕಿದರೆ ಕಲ್ಲು ಒಡೆಯುತ್ತವೆಂದು ಅವನೇ ಮೇಲೆ ಹತ್ತಿ ಒಂದೊಂದನ್ನೇ ಬಿಡಿಸಿ ಇಳಿಸಿದ. ಕಮಾನಿನ ನಡುಗಲ್ಲು ಅಲುಗಲು ಅರ್ಧ ದಿನ ಹಿಡಿಯಿತು, ಅಷ್ಟು ಗಟ್ಟಿಯಿತ್ತು ನನ್ನ ‘ಶಿಥಿಲ’ ಕಟ್ಟಡ. ಹುಕುಂ ಬದಲಾದರೆ ಇದ್ದ ಹಾಗೇ ಕೂಡಿಸಬಹುದೆಂದು ಪ್ರತಿ ಕಲ್ಲಿಗೂ ಹಸಿ ಸುಣ್ಣದಿಂದ ಗುರುತು ಹಾಕಿದ. ಎರಡು ಮಳೆಗಾಲಕ್ಕೆ ಗುರುತು ತೊಳೆದುಹೋದವು, ಕಲ್ಲುಗಳು ಊರಿನ ಗಟಾರು ಕಟ್ಟಲು ಹೋದವು. ಮುಂದೆ ನನಗೆ ರಾಮದುರ್ಗದ ಕಡೆಗೆ ವರ್ಗವಾಯಿತು. ಅವನು ತೀರಿಕೊಂಡ ಸುದ್ದಿ ಬಂದಾಗ ಹೋಗುವ ಧೈರ್ಯವಾಗಲಿಲ್ಲ.

ಅಗಸಿಯನ್ನು ಸರಕಾರ ಕೆಡವಿತು ಎಂದೇ ಊರಿನವರು ಈಗಲೂ ಅನ್ನುತ್ತಾರೆ. ನಾನೂ ಇಷ್ಟು ವರ್ಷ ಹಾಗೇ ಹೇಳುತ್ತ ಬಂದೆ, ಮನೆಯವರಿಗೂ. ನಿಜವನ್ನು ಇವತ್ತು ಮೊದಲು ನಿಮಗೆ ಹೇಳಿದ್ದೇನೆ. ಹೇಳಬೇಕಾದವನು ಮಾತ್ರ ಇಲ್ಲ.

ನಡೀತಿತ್ತು ಅಜ್ಜಾ. ನಾವು ಬ್ಯಾಡ ಅಂದಿದ್ರ ನಡೀತಿತ್ತು.