ಎಡಗಡೆಯ ಸೀಟು

ಡ್ರೈವಿಂಗ್ ಮೇಷ್ಟ್ರು ಅರ್ಧ ಊರಿಗೆ ಕಾರು ಕಲಿಸಿದವರು. ಬ್ಯಾಂಕಿನವರು, ಡಾಕ್ಟರುಗಳು, ಮದುವೆ ಗೊತ್ತಾದ ಹುಡುಗಿಯರು, ಸೊಸೆ ಕಲಿತಳಲ್ಲ ಎಂದು ಹಟಕ್ಕೆ ಬಿದ್ದ ಅತ್ತೆಯಂದಿರು, ಎಲ್ಲರೂ ಅವರ ಬಲಕ್ಕೆ ಕೂತು ಬೆವರಿದವರೇ. ಇವರು ಎಡಗಡೆಯ ಸೀಟಿನಲ್ಲಿ, ಕಲಿಸುವವರಿಗೆಂದೇ ಜೋಡಿಸಿದ ಎರಡನೇ ಬ್ರೇಕಿನ ಮೇಲೆ ಪಾದ ಇಟ್ಟುಕೊಂಡು, ಕ್ಲಚ್ ಬಿಡಿ, ನಿಧಾನ, ಕನ್ನಡಿ ನೋಡಿ ಅನ್ನುತ್ತಲೇ ಕೂದಲು ಬೆಳ್ಳಗೆ ಮಾಡಿಕೊಂಡರು. ಇಷ್ಟೆಲ್ಲ ಜನಕ್ಕೆ ಕಲಿಸಿದ ಮನುಷ್ಯ ಹೆಂಡತಿಗೆ ಮಾತ್ರ ಕಲಿಸಲಿಲ್ಲ. ಕಲಿಸುವುದಕ್ಕೆ ಸ್ವಂತ ಕಾರಾದರೂ ಎಲ್ಲಿತ್ತು? ಸ್ಕೂಲಿನ ಕಾರು ಸ್ಕೂಲಿನದು. ಅದರಲ್ಲಿ ಹೆಂಡತಿಯನ್ನು ಕೂರಿಸಿಕೊಂಡು ಒಂದು ಸುತ್ತು ಹಾಕಿದರೂ ಮಾಲೀಕನ ಮುಖ ಗಂಟಿಕ್ಕುತ್ತಿತ್ತು. ಹಾಗಾಗಿ ಆಕೆ ಬಸ್ಸಿಗೆ ಕಾಯುತ್ತ ನಿಂತಳು, ಇವರು ಕಂಡವರ ಹೆಂಡತಿಯರ ಪಕ್ಕದಲ್ಲಿ ಕೂತು ಬೀದಿ ಸುತ್ತಿದರು. ಒಮ್ಮೆ ಆಕೆ ಇದನ್ನು ತಮಾಷೆಗೆ ಆಡಿ ತೋರಿಸಿದ್ದಳು. ಮೇಷ್ಟ್ರು ನಕ್ಕಿದ್ದರು. ಆಮೇಲೆ ಆ ಮಾತು ಮರೆತೇಹೋಯಿತು ಎಂದು ಆಕೆ ಅಂದುಕೊಂಡಿದ್ದಳು.

ಆಕೆ ದೊಡ್ಡಾಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ ಮಾಡುವವಳು. ಒಗೆದು ಹಿಂಡಿದ ಬೆಡ್‌ಶೀಟುಗಳನ್ನು ಬಿಸಿ ರೋಲರಿನ ಬಾಯಿಗೆ ಕೊಡುವುದು, ಆ ಕಡೆಯಿಂದ ಗರಿಗರಿಯಾಗಿ ಬಂದದ್ದನ್ನು ಮಡಿಸುವುದು ಆಕೆಯ ಪಾಲು. ಅಲ್ಲಿ ಎಲ್ಲರಿಗೂ ಆಕೆ ಇಸ್ತ್ರಿ ಅಕ್ಕ. ಆ ಯಂತ್ರಗಳ ಸದ್ದಿನಲ್ಲಿ ಪಕ್ಕದವಳ ಕಿವಿಗೆ ಬಾಯಿಟ್ಟು ಕಿರುಚಿದರೂ ಅರ್ಧ ಮಾತು ಉದುರಿಹೋಗುತ್ತದೆ. ಮೊದಲೇ ಮಾತು ಕಡಿಮೆಯಾಗಿದ್ದ ಇಸ್ತ್ರಿ ಅಕ್ಕ ಅಲ್ಲಿ ಸೇರಿದ ಮೇಲೆ ಪೂರ್ತಿ ಮೌನಗೌರಿಯಾದಳು. ಮನೆಯಲ್ಲೂ ಅಷ್ಟೆ, ಹೂಂ ಅಂದರೆ ಒಂದು ಮಾತು, ಊಹೂಂ ಅಂದರೆ ಇನ್ನೊಂದು. ಮಗಳು ಫೋನ್ ಮಾಡಿದರೆ, ಅಮ್ಮ ಲೈನಲ್ಲಿ ಇದ್ದೀಯಾ ಎಂದು ನಡುನಡುವೆ ಕೇಳಬೇಕಾಗುತ್ತಿತ್ತು.

ಲಾಂಡ್ರಿಯ ಒಳಗೆ ಹಬೆ, ಹೊರಗೆ ಕೊರೆಯುವ ಚಳಿ. ಒಂದು ಚಳಿಗಾಲ ಆ ಎರಡರ ನಡುವೆ ಸಿಕ್ಕಿಕೊಂಡ ಆಕೆಯ ಎದೆ ಕಟ್ಟಿಕೊಂಡಿತು. ಯಾವ ಆಸ್ಪತ್ರೆಯ ಬೆಡ್‌ಶೀಟು ಮಡಿಸುತ್ತಿದ್ದಳೋ ಅದರ ಮೇಲೇ ವಾರಗಟ್ಟಲೆ ಮಲಗಿ ಎದ್ದಳು. ಬಿಟ್ಟು ಕಳಿಸುವಾಗ ಡಾಕ್ಟರು, ನಸುಕಿನಲ್ಲಿ ಬಸ್ ಸ್ಟಾಪಿನಲ್ಲಿ ನಿಲ್ಲುವುದು ಇನ್ನು ಸಾಕು ಎಂದು ಖಡಾಖಂಡಿತವಾಗಿ ಹೇಳಿದರು. ಮೇಷ್ಟ್ರು ತಲೆಯಾಡಿಸಿದರು. ಮುಂದಿನ ಚಳಿ ಶುರುವಾಗುವ ಹೊತ್ತಿಗೆ, ಮಂಡಿ ನೋವು, ದಿನವಿಡೀ ಬ್ರೇಕು ಒತ್ತಲು ಆಗುವುದಿಲ್ಲ ಎಂದು ಹೇಳಿ ಡ್ರೈವಿಂಗ್ ಸ್ಕೂಲಿಗೆ ಕೈಮುಗಿದು ಬಂದರು. ಅದೇ ವಾರ ಮನೆಯ ಮುಂದೆ ಒಂದು ಕಾರು ತಂದು ನಿಲ್ಲಿಸಿದರು.

ಕಾರು ಅಂದರೆ ನಾಲ್ಕು ಚಕ್ರ ಇತ್ತು, ಅಷ್ಟರಮಟ್ಟಿಗೆ ಕಾರು. ಸೆಕೆಂಡ್ ಹ್ಯಾಂಡ್ ಅಂದರೂ ಅದಕ್ಕೆ ಮರ್ಯಾದೆ ಕೊಟ್ಟ ಹಾಗೆ. ಎಷ್ಟನೆಯ ಕೈಯೋ ಯಾರಿಗೆ ಗೊತ್ತು. ಸಿಕ್ಕಿದ್ದರಲ್ಲಿ ಅಗ್ಗದ್ದು, ಇದ್ದುದರಲ್ಲಿ ಚಿಕ್ಕದು. ಒಂದು ಕಾಲಕ್ಕೆ ಕೆಂಪಗಿತ್ತು ಎಂದು ಬಾಗಿಲ ಸಂದಿಯಲ್ಲಿ ಇಣುಕಿದರೆ ತಿಳಿಯುತ್ತಿತ್ತು. ಹೀಟರಿನ ಬಿಸಿಗಾಳಿ ಓಡಿಸುವವರ ಮಂಡಿಯನ್ನಷ್ಟೇ ಮುಟ್ಟುತ್ತಿತ್ತು. ಎಡಗಡೆಯ ಬಾಗಿಲು ಒಳಗಿನಿಂದ ಜಪ್ಪಯ್ಯ ಅಂದರೂ ತೆರೆಯುತ್ತಿರಲಿಲ್ಲ. ದಿನಾ ಮೇಷ್ಟ್ರು ಸುತ್ತಿ ಬಂದು, ಬಾಗಿಲು ತೆಗೆದು, ಇಳಿಯಿರಿ ಮಹಾರಾಣಿಯವರೇ ಅನ್ನಬೇಕಿತ್ತು. ಮೊದಲ ಬೆಳಗ್ಗೆ ಆಕೆ ಶಾಲು ಹೊದ್ದು ಒಳಗೆ ಕೂತು, ಬಸ್ ಸ್ಟಾಪಿನಲ್ಲಿ ನಡುಗುತ್ತ ನಿಂತವರನ್ನು ಗಾಜಿನ ಈಚೆಯಿಂದ ನೋಡಿದಾಗ, ನಾಚಿಕೆಯೂ ಆಯಿತು, ಸಂತೋಷವೂ ಆಯಿತು. ಗಂಡ ಓಡಿಸುವುದನ್ನು ಆಕೆ ಪಕ್ಕದಲ್ಲಿ ಕೂತು ನೋಡಿದ್ದು ಅದೇ ಮೊದಲು. ಗೇರು ಬದಲಾದದ್ದು ಕೂಡ ಗೊತ್ತಾಗುತ್ತಿರಲಿಲ್ಲ.

ಆ ಸಂತೋಷ ಹಿಟ್ಟಿನ ಗಿರಣಿಯ ತಿರುವಿನವರೆಗೆ ಬಂದು ನಿಂತಿತು. ಒಂದು ದಿನ ಅಲ್ಲಿ ಎಡಗಡೆಯಿಂದ ಹಾಲಿನವನ ಸೈಕಲ್ಲು ಬಂತು. ಮಂಜು ಅಷ್ಟೇನೂ ಇರಲಿಲ್ಲ, ಸೈಕಲ್ಲು ಸ್ಪಷ್ಟವಾಗಿಯೇ ಕಾಣುತ್ತಿತ್ತು. ಮೇಷ್ಟ್ರು ಅದರ ಮೇಲೇ ಹೋಗುತ್ತಿದ್ದರು. "ರೀ, ಸೈಕಲ್ಲು" ಎಂದು ಆಕೆ ಬಾಯಿಬಿಟ್ಟ ಮೇಲೆ ಬ್ರೇಕು ಬಿತ್ತು. ಹಾಲಿನವನು ಬೈದುಕೊಂಡು ಹೋದ. ಮೇಷ್ಟ್ರು, ನೋಡಿದ್ದೆ ಬಿಡೇ, ಅಂದರು.

ಅವತ್ತಿನಿಂದ ಆಕೆ ಗಂಡನನ್ನು ಕಣ್ಣಲ್ಲಿ ಕಣ್ಣಿಟ್ಟು ಗಮನಿಸಿದಳು. ಪಕ್ಕದಲ್ಲಿಟ್ಟ ಲೋಟಕ್ಕೆ ಕೈ ತಾಗಿಸಿ ಚೆಲ್ಲುತ್ತಿದ್ದರು. ಗೊತ್ತಿದ್ದ ಬಾಗಿಲಿನ ಚೌಕಟ್ಟಿಗೇ ಭುಜ ಹೊಡೆದುಕೊಳ್ಳುತ್ತಿದ್ದರು. ಎದುರಿಗಿದ್ದದ್ದೆಲ್ಲ ಕಾಣುತ್ತಿತ್ತು, ಪಕ್ಕದ್ದು ಮಾತ್ರ ಇಲ್ಲವೇ ಇಲ್ಲ. ಕಣ್ಣು ತೋರಿಸಿಕೊಂಡು ಬನ್ನಿ ಎಂದು ಬೆನ್ನು ಬಿದ್ದಳು. ಒಬ್ಬರೇ ಹೋಗಿ ಬಂದರು. ಹದ್ದಿನ ಕಣ್ಣು ಅಂದ್ರು ಕಣೇ, ಎಂದು ಟೋಪಿ ಕಳಚಿ ಪಕ್ಕದ ಮೊಳೆಗೆ ಹಾಕಿದರು. ಟೋಪಿ ನೆಲಕ್ಕೆ ಬಿತ್ತು.

ಈಗ ಆಕೆ ಏನು ಮಾಡಬೇಕು? ಕಾರು ಬೇಡ ಅಂದರೆ, ಆಕೆಯ ಎದೆಗೋಸ್ಕರ ಅವರು ತಂದದ್ದನ್ನು ಅವರ ಮುಖಕ್ಕೇ ಎಸೆದ ಹಾಗೆ. ನಿಮಗೆ ಕಾಣುವುದಿಲ್ಲ ಅಂದರೆ, ಡ್ರೈವಿಂಗ್ ಮೇಷ್ಟ್ರಿಗೆ ಆ ಮಾತು ಹೇಳಿದ ಮೇಲೆ ಅವರಲ್ಲಿ ಉಳಿಯುವುದಾದರೂ ಏನು? ಸುಮ್ಮನಿದ್ದರೆ ಯಾರದೋ ಜೀವ ಹೋಗುತ್ತದೆ. ಯೋಚಿಸಿ ಯೋಚಿಸಿ ತಲೆ ಕೆಟ್ಟ ಮೇಲೆ ಇಸ್ತ್ರಿ ಅಕ್ಕ ಒಂದು ದಾರಿ ಹಿಡಿದಳು. ಅದು ಸರಿಯಾದ ದಾರಿಯಲ್ಲ ಎಂದು ಆಕೆಗೂ ಗೊತ್ತಿತ್ತು. ಬಾಯಿಗೆ ಹಾಕಿಕೊಂಡಿದ್ದ ಬೀಗ ತೆಗೆದಳು.

ಕಾರು ಹತ್ತಿದ್ದೇ ತಡ, ಮಾತು ಶುರು. ಪಾಪ, ಎಡಗಡೆ ಆ ಸೈಕಲ್ಲಿನವನಿಗೆ ಕೈಗವಸಾದರೂ ಇಲ್ಲ ನೋಡಿ. ಲಾರಿಯವನಿಗೆ ಏನು ಅವಸರವೋ, ಬಲಗಡೆಯಿಂದ ಹೇಗೆ ನುಗ್ಗುತ್ತಿದ್ದಾನೆ. ಅಯ್ಯೋ, ಅಜ್ಜಿ ರಸ್ತೆ ದಾಟಲೋ ಬೇಡವೋ ಅಂತ ನಿಂತಿದ್ದಾರೆ, ಈ ವಯಸ್ಸಿಗೆ ಒಬ್ಬರನ್ನೇ ಯಾಕಾದರೂ ಕಳಿಸುತ್ತಾರೋ. ರಸ್ತೆಯಲ್ಲಿ ಇದ್ದದ್ದೆಲ್ಲ ಆಕೆಯ ಬಾಯಲ್ಲಿ ಊರ ಸುದ್ದಿಯಾಗಿ ಬರುತ್ತಿತ್ತು, ಎಡ ಬಲ ಮಾತ್ರ ತಪ್ಪದೆ ಅದರ ಜೊತೆಗಿರುತ್ತಿತ್ತು. ಹಬ್ಬಿದ ಮಂಜಿನಲ್ಲಿ ಶಾಲಿನ ಅಂಚಿನಿಂದ ಗಾಜು ಒರೆಸುತ್ತ, ಉಸಿರು ಬಿಡದೆ ಮಾತಾಡುತ್ತಿದ್ದಳು. ರಜೆಗೆ ಬಂದ ಮಗಳು ಹಿಂದಿನ ಸೀಟಿನಲ್ಲಿ ಕೂತು ಬೆರಗಾದಳು, ಅಮ್ಮನಿಗೆ ಏನಾಗಿದೆಯಪ್ಪ ಎಂದು ಕೇಳಿದಳು. ಮೇಷ್ಟ್ರು, ನಿಮ್ಮಮ್ಮ ಇಷ್ಟು ವರ್ಷ ಕೂಡಿಟ್ಟ ಮಾತೆಲ್ಲ ನನ್ನ ಕಿವಿಗೇ ಸುರೀತಿದ್ದಾಳೆ ಎಂದರು. ಅಪ್ಪ ಮಗಳು ನಕ್ಕರು. ಆಕೆಯೂ ನಕ್ಕಳು, ನಗುತ್ತಲೇ ಎಡಗಡೆ ನಾಯಿ ಬರುತ್ತಿದೆ ಎಂದಳು.

ಲಾಂಡ್ರಿಯಲ್ಲಿ ಕೆಲಸಕ್ಕೆ ನಿಂತಾಗ ಆಕೆಯ ಬೆರಳುಗಳು ಸೆಟೆದುಕೊಂಡಿರುತ್ತಿದ್ದವು, ಚಳಿಗೆ ಅಲ್ಲ. ಇವತ್ತೂ ಯಾರಿಗೂ ಏನೂ ಆಗಲಿಲ್ಲ ಎಂದುಕೊಂಡು ಮೊದಲ ಶೀಟನ್ನು ರೋಲರಿಗೆ ಕೊಡುತ್ತಿದ್ದಳು. ಆಕೆಯ ಪಾಳಿ ಮುಗಿಯುವವರೆಗೆ ಮೇಷ್ಟ್ರು ಮನೆಗೆ ಹೋಗುತ್ತಿರಲಿಲ್ಲ. ಆಂಬುಲೆನ್ಸ್ ಡ್ರೈವರುಗಳ ಜೊತೆ ಟೀ ಕುಡಿಯುತ್ತ, ಕಾರಿನಲ್ಲೇ ತೂಕಡಿಸುತ್ತ ಕಾಯುತ್ತಿದ್ದರು. ಹೋಗಿ ಬಂದರೆ ಪೆಟ್ರೋಲು ದಂಡ ಅನ್ನುತ್ತಿದ್ದರು. ಲಾಂಡ್ರಿಯ ಹೆಂಗಸರು, ನಿನ್ನ ಮದುಮಗ ಹೊರಗೆ ಕಾಯ್ತಿದ್ದಾನೆ ಹೋಗೇ ಎಂದು ಕಾಲೆಳೆಯುತ್ತಿದ್ದರು.

ಚಳಿಗಾಲದ ನಡುವಿನಲ್ಲಿ ಆಕೆಯ ಗಂಟಲು ಕಟ್ಟಿತು. ಜ್ವರವಿಲ್ಲ, ಕೆಮ್ಮಿಲ್ಲ, ಸ್ವರ ಮಾತ್ರ ಹೊರಡಲೊಲ್ಲದು. ಬಾಯಿ ತೆರೆದರೆ ಗಾಳಿ. ಇವತ್ತು ಹೋಗುವುದು ಬೇಡ ಎಂದು ಹೇಗೆ ತಿಳಿಸುವುದು ಎಂದು ಯೋಚಿಸುವಷ್ಟರಲ್ಲಿ ಮೇಷ್ಟ್ರು ಕಾರಿನ ಬಾಗಿಲು ತೆರೆದು ಹಿಡಿದಿದ್ದರು. ಹತ್ತಿ ಕೂತಳು. ಅವರೂ ಬಂದು ಕೂತು ಕೀಲಿ ತಿರುಗಿಸಿದರು. ಹೊರಗೆ ಹಾಲಿನಂಥ ಮಂಜು. ಎಂಜಿನ್ನು ಬಿಸಿಯಾಯಿತು, ಗೇರಿನ ಮೇಲೆ ಕೈ ಹೋಯಿತು. ಕಾರು ಮಾತ್ರ ಅಲ್ಲಾಡಲಿಲ್ಲ.

"ಏನಾದ್ರೂ ಹೇಳೇ," ಅಂದರು ಮೇಷ್ಟ್ರು.

ಆಕೆ ಗಂಟಲು ಮುಟ್ಟಿ ತೋರಿಸಿದಳು. ಎಡಗಡೆಯ ಆ ಕೈ ಅವರಿಗೆ ಕಾಣಲಿಲ್ಲ. ಅವರು ಮುಂದಕ್ಕೇ ನೋಡುತ್ತ ಆಕೆಯ ಮಾತಿಗೆ ಕಾಯುತ್ತ ಕೂತಿದ್ದರು. ಕೊನೆಗೆ ಅವರ ಕೈ ಹಿಡಿದು ತನ್ನ ಗಂಟಲಿನ ಮೇಲೆ ಇಟ್ಟುಕೊಂಡಳು. ಅವರಿಗೆ ಅರ್ಥವಾಯಿತು. ಎಂಜಿನ್ನು ಆರಿಸಿದರು.

"ನಿಂಗೆ ಗೊತ್ತು ಅಂತ ನಂಗೆ ಗೊತ್ತಿತ್ತು," ಅಂದರು. "ಕಾರು ತಗೊಳ್ಳೋಕೆ ಮುಂಚೇನೇ ಡಾಕ್ಟ್ರು ಹೇಳಿದ್ರು. ಕಣ್ಣಿನ ನರ ಒಣಗ್ತಾ ಇದೆಯಂತೆ. ಪಕ್ಕದಿಂದ ಶುರುವಾಗಿ ನಡುವಿಗೆ ಬರುತ್ತಂತೆ. ಹೋಗಿದ್ದು ವಾಪಸ್ ಬರಲ್ವಂತೆ. ಅದಕ್ಕೇ ಸ್ಕೂಲು ಬಿಟ್ಟೆ. ಇನ್ನೊಬ್ರ ಮಕ್ಕಳ ಜೀವ ನನ್ನ ಕಾಲಡಿ ಇಟ್ಕೊಂಡು ಹೇಗೆ ಕೂರ್ಲಿ?"

"ಮತ್ತೆ ನಾನು?" ಆಕೆಯ ಪಿಸುಮಾತು ಅಷ್ಟೇ ಹೊರಟಿತು.

"ನೀನು ಹೇಳ್ತಿದ್ಯಲ್ಲ." ಸ್ಟೀರಿಂಗನ್ನು ಅಂಗೈಯಿಂದ ಸವರಿದರು. "ಊರಲ್ಲಿರೋರ ಹೆಂಡ್ತೀರ ಪಕ್ಕ ಎಲ್ಲಾ ಕೂತೆ ಅಂತ ನೀನೇ ಅಂದಿದ್ದೆ. ನಿನ್ನನ್ನ ಪಕ್ಕದಲ್ಲಿ ಕೂರಿಸ್ಕೊಂಡು ಓಡಿಸ್ಬೇಕು ಅಂತಿತ್ತು. ಕಣ್ಣು ಹೋಗೋಕೆ ಮುಂಚೆ ಒಂದು ಚಳಿಗಾಲ."

ಆಕೆಗೆ ಕೆಂಡದಂಥ ಕೋಪ ಬಂತು. ಹಾಲಿನವನು, ಅಜ್ಜಿ, ಇಷ್ಟು ದಿನ ತಾನು ಉಸಿರು ಬಿಗಿಹಿಡಿದು ಕೂತದ್ದು, ಎಲ್ಲವೂ ಒಟ್ಟಿಗೆ ನೆನಪಾಗಿ ಗಂಡನ ಭುಜಕ್ಕೆ ಮುಷ್ಟಿಯಿಂದ ಗುದ್ದಿದಳು. ಬೈಯಲು ಸ್ವರವಿರಲಿಲ್ಲ. ಅದೂ ಸಾಲದೆಂಬಂತೆ, ತಾನೂ ಇದರಲ್ಲಿ ಪಾಲುದಾರಳೇ ಎಂದು ಹೊಳೆದು ಮತ್ತಷ್ಟು ಸಂಕಟವಾಯಿತು. ಆಕೆ ಅತ್ತಳು, ಅವರೂ ಅತ್ತರು, ಗಾಜೆಲ್ಲ ಒಳಗಿನಿಂದ ಮಸುಕಾಯಿತು. ಆಮೇಲೆ ಅವರು ಕೀಲಿ ತೆಗೆದು, ಆಕೆಯ ಮಡಿಲು ಎಲ್ಲಿದೆಯೆಂದು ತಡವಿ, ಅಲ್ಲಿಟ್ಟರು.

ಮತ್ತೆ ಅವರು ಸ್ಟೀರಿಂಗು ಮುಟ್ಟಲಿಲ್ಲ. ಉಳಿದ ಚಳಿಯನ್ನು ಆಕೆ ಮೂಗು ಬಾಯಿ ಸುತ್ತಿಕೊಂಡು ಬಸ್ಸಿನಲ್ಲೇ ಕಳೆದಳು. ಬಿಸಿಲು ಬಂದ ಮೇಲೆ, ರಜೆಯ ದಿನಗಳಲ್ಲಿ ಆಂಬುಲೆನ್ಸ್ ಡ್ರೈವರೊಬ್ಬ ಕಾರನ್ನು ಆಸ್ಪತ್ರೆಯ ಹಿಂದಿನ ಖಾಲಿ ಬಯಲಿಗೆ ತಂದು ನಿಲ್ಲಿಸಿಕೊಡುತ್ತಿದ್ದ. ಮೇಷ್ಟ್ರು ಎಡಗಡೆಯ ಸೀಟಿಗೆ ಮರಳಿದರು. ಎಂಜಿನ್ನಿನ ಸದ್ದು ಕೇಳಿಯೇ, ಕ್ಲಚ್ ಅರ್ಧ ಬಿಟ್ಟಿದ್ದೀಯ, ಗೇರು ಅಳ್ತಾ ಇದೆ ಕೇಳಿಸ್ಕೋ ಅನ್ನುತ್ತಿದ್ದರು. ಈ ವಯಸ್ಸಿನಲ್ಲಿ ಕಲಿಯುವವಳಿಗೆ ತಾಳ್ಮೆ ಬೇಕು, ಕಲಿಸುವವರಿಗೆ ಅದರ ದುಪ್ಪಟ್ಟು ಬೇಕು. ಇಬ್ಬರಲ್ಲೂ ಇರಲಿಲ್ಲ, ಜಗಳವಾಡಿಕೊಂಡೇ ಕಲಿತರು. ಲೈಸೆನ್ಸು ಕೈಗೆ ಬಂದ ದಿನ ಮೇಷ್ಟ್ರು ಅದರ ಮೇಲೆ ಬೆರಳಾಡಿಸಿ, ಫೋಟೋ ಚೆನ್ನಾಗಿದೆ ಅಂದರು. ಫೋಟೋ ಕಡೆ ಅವರು ನೋಡಿರಲಿಲ್ಲ.

ಮುಂದಿನ ಚಳಿಗಾಲ ಇಸ್ತ್ರಿ ಅಕ್ಕನೇ ಓಡಿಸಿಕೊಂಡು ಕೆಲಸಕ್ಕೆ ಹೋದಳು. ಮೇಷ್ಟ್ರನ್ನು ಮನೆಯಲ್ಲಿ ಒಬ್ಬರನ್ನೇ ಬಿಡಲು ಮನಸ್ಸಾಗದೆ ಜೊತೆಗೇ ಕರೆದುಕೊಂಡು ಹೋಗುತ್ತಿದ್ದಳು. ಆಂಬುಲೆನ್ಸಿನವರು ಅವರನ್ನು ಕೈಹಿಡಿದು ಟೀಗೆ ಕರೆದೊಯ್ಯುತ್ತಿದ್ದರು. ಈಗ ಬಿಸಿಗಾಳಿ ಆಕೆಯ ಮಂಡಿಗೆ, ಶಾಲು ಅವರ ಮೈಗೆ. ಈಗ ಸುತ್ತಿ ಬಂದು ಎಡಗಡೆಯ ಬಾಗಿಲು ತೆಗೆಯುವವಳು ಆಕೆ. ದಾರಿಯುದ್ದಕ್ಕೂ ಮೇಷ್ಟ್ರ ಪಾದ ಆಗಾಗ ನೆಲವನ್ನು ಒತ್ತುತ್ತಿತ್ತು. ಅಲ್ಲಿ ಬ್ರೇಕು ಇರಲಿಲ್ಲ. ಅದನ್ನು ಕಂಡಾಗಲೆಲ್ಲ ಆಕೆ ಕಾರು ನಿಧಾನ ಮಾಡುತ್ತಿದ್ದಳು.

ಮಾತನ್ನೂ ಆಕೆ ನಿಲ್ಲಿಸಲಿಲ್ಲ. ಸೈಕಲ್ಲು, ಲಾರಿ, ಅಜ್ಜಿ, ಎಲ್ಲ ಎಂದಿನಂತೆಯೇ, ಎಡ ಬಲ ಸಮೇತ. ಓಡಿಸಲು ಈಗ ಅದು ಬೇಕಾಗಿರಲಿಲ್ಲ, ಅವರಿಗೆ ನೋಡಲು ಬೇಕಾಗಿತ್ತು. ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದಳು. ರಸ್ತೆಯ ವಿಷಯದಲ್ಲಿ ಗಂಡನಿಗೆ ಆಕೆ ಒಂದು ದಿನವೂ ಸುಳ್ಳು ಹೇಳಿದವಳಲ್ಲ.

ಒಂದು ಬೆಳಗ್ಗೆ ಹೊರಡುವುದು ತಡವಾಯಿತು. ಮಂಜು ಪೂರ್ತಿ ಕರಗಿ ಸೂರ್ಯ ಮೇಲೆ ಬಂದಿದ್ದ. ಬಿಸಿಲಿಗೆ ಬಿಸಿಯಿರಲಿಲ್ಲ, ಬೆಳಕಷ್ಟೇ. ಗಿರಣಿಯ ತಿರುವಿನಲ್ಲಿ ಅದು ನೇರವಾಗಿ ಗಾಜಿಗೆ ಬಡಿದು ಆಕೆ ಕಣ್ಣಿಗೆ ಕೈ ಅಡ್ಡ ಹಿಡಿಯಬೇಕಾಯಿತು. ಮೇಷ್ಟ್ರ ಮುಖದ ತುಂಬ ಬೆಳಕು. ಅವರು ರೆಪ್ಪೆ ಕೂಡ ಬಡಿಯದೆ ಅದನ್ನೇ ನೋಡುತ್ತಿದ್ದರು.

"ಇವತ್ತು ಮಂಜು ಜಾಸ್ತಿ ಅಲ್ವೇನೇ?" ಅಂದರು. "ಏನಂದ್ರೆ ಏನೂ ಕಾಣ್ತಿಲ್ಲ."

ಆಕೆ ಅವರ ಕಡೆ ನೋಡಿದಳು, ರಸ್ತೆಯ ಕಡೆ ನೋಡಿದಳು.

"ಹೂಂ ರೀ. ತುಂಬಾ ಇದೆ."

"ಹಾಗಾದ್ರೆ ಲೈಟ್ ಹಾಕ್ಕೊಂಡು ನಿಧಾನಕ್ಕೆ ಹೋಗು."

ಆಕೆ ಲೈಟು ಹಾಕಿದಳು. ನಿಚ್ಚಳ ಬಿಸಿಲಿನಲ್ಲಿ ಕಾರು ಮೆಲ್ಲಗೆ ಸಾಗಿತು. ಎದುರು ಬಂದ ಹಾಲಿನವನು, ಆಟೋದವನು, ಸ್ಕೂಟರಿನ ಹೆಂಗಸು, ಒಬ್ಬೊಬ್ಬರೂ ಲೈಟು ಉರಿಯುತ್ತಿದೆ ಎಂದು ಬೆರಳುಗಳನ್ನು ಮಡಚಿ ಬಿಡಿಸಿ ತೋರಿಸಿದರು. ಪ್ರತಿಯೊಬ್ಬರಿಗೂ ಆಕೆ ಗೊತ್ತು ಎಂದು ತಲೆಯಾಡಿಸಿದಳು. ಆಸ್ಪತ್ರೆಯ ಗೇಟು ಬರುವವರೆಗೂ ಅದನ್ನು ಆರಿಸಲಿಲ್ಲ.